ಮನೆಗೆ ಸೌರ ವಿದ್ಯುತ್: ಬ್ಯಾಟರಿ ಕೊಳ್ಳುವ ಮುನ್ನ ಲೆಕ್ಕ ಹಾಕಿ

ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ವರ್ಷದ ಬಹುಭಾಗ ಒಳ್ಳೆಯ ಬಿಸಿಲು ದೊರೆಯುತ್ತದೆ. ಈ ಬಿಸಿಲಿನಿಂದ ಮನೆಗೆ ಬೇಕಾದ ವಿದ್ಯುತ್ತನ್ನು ಪಡೆಯುವುದು ಈಗ ಹೊಸ ವಿಷಯವೇನೂ ಅಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಂದಿಗೆ ಕೆನರಾ ಬ್ಯಾಂಕ್ ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕ್ ಸೌರದೀಪಗಳಿಗೆ ಸಾಲ ನೀಡಲು ಆರಂಭಿಸಿದವು. ಆಗ ಸೀಮೆಎಣ್ಣೆ ಬುಡ್ಡಿಯ ಬದಲು ಎರಡು ಅಥವಾ ನಾಲ್ಕು ದೀಪಗಳು ಉರಿದರೆ ಸಾಕಾಗಿತ್ತು. ಇಂದು ರೈತ ಕುಟುಂಬಗಳು ಫ್ಯಾನು, ಟಿ.ವಿ., ಫ್ರಿಜ್ಜು ಮುಂತಾದ ಎಲ್ಲವನ್ನೂ ಸೌರ ವಿದ್ಯುತ್ತಿನಿಂದಲೇ ನಡೆಸಲು ಒಂದು ಲಕ್ಷ, ಎರಡು ಲಕ್ಷ ರೂಪಾಯಿ ಹೂಡುವ ಆಲೋಚನೆಯಲ್ಲಿವೆ. ಇದು ಒಂದು ಹಸುವಿನ ಬೆಲೆಗಿಂತ ದೊಡ್ಡ ಮೊತ್ತ. ಆದುದರಿಂದ ಹಣ ಕೊಡುವ ಮುನ್ನ ಲೆಕ್ಕ ಮಾಡುವುದು ಅವಶ್ಯ.

ಈ ಲೆಕ್ಕದಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಒಂದೇ. ಬಿಲ್ಲು ತಗ್ಗಿಸುವುದು ಫಲಕದ ಕೆಲಸ; ಕರೆಂಟು ಹೋದಾಗ ಮನೆ ನಡೆಸುವುದು ಬ್ಯಾಟರಿಯ ಕೆಲಸ. ಇವೆರಡರ ಲಾಭವನ್ನು ಒಂದೇ ಬುಟ್ಟಿಗೆ ಹಾಕಿ ಅಳೆದರೆ ಲೆಕ್ಕ ತಪ್ಪುತ್ತದೆ.

ಫಲಕದಿಂದ ದೊರೆಯುವ ವಿದ್ಯುತ್

1 ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಇದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ದೊರೆಯುತ್ತದೆ ಎಂದು ಹಿಡಿಯಬಹುದು. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದಿರುವುದರಿಂದ ಉತ್ಪಾದನೆ ಬಹಳ ಇಳಿಯುತ್ತದೆ. ಕೆಲವು ದಿನ ಅರ್ಧಕ್ಕಿಂತಲೂ ಕಡಿಮೆ ಬರುತ್ತದೆ.

ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಆಯಾ ಊರಿನ ಅಕ್ಷಾಂಶದಷ್ಟು ಓರೆಯಾಗಿ ಕೂರಿಸಬೇಕು. ಬೆಂಗಳೂರಿನ ಕಡೆ ಸುಮಾರು 13 ಡಿಗ್ರಿ, ಧಾರವಾಡದ ಕಡೆ 15 ಡಿಗ್ರಿ, ಬೀದರಿನ ಕಡೆ 18 ಡಿಗ್ರಿ ಸರಿಹೊಂದುತ್ತದೆ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ನಷ್ಟ ಆ ಭಾಗಕ್ಕೆ ಮಾತ್ರ ಸೀಮಿತವಲ್ಲ. ಫಲಕದೊಳಗಿನ ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಕಾಲುವೆಗೆ ಅಡ್ಡ ಬಿದ್ದ ಕಲ್ಲಿನಂತೆ ಆ ನೆರಳು ಇಡೀ ಹರಿವನ್ನು ತಗ್ಗಿಸುತ್ತದೆ. ಆದ್ದರಿಂದ ಅಡಿಕೆ, ತೆಂಗಿನ ತೋಟದ ನಡುವಿನ ಮನೆಗಳವರು ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಛಾವಣಿಯ ಮೇಲೆ ನೆರಳು ಎಲ್ಲಿ ಬೀಳುತ್ತದೆಂಬುದನ್ನು ಮೊದಲು ನೋಡಿಕೊಳ್ಳಬೇಕು.

ಸರ್ಕಾರದ ಸಹಾಯಧನ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಇದರ ಪ್ರಕಾರ ಮೊದಲ 2 ಕಿಲೋವ್ಯಾಟ್‌ಗಳಿಗೆ ತಲಾ ರೂ. 30,000, ಮೂರನೆಯ ಕಿಲೋವ್ಯಾಟ್‌ಗೆ ರೂ. 18,000, ಒಟ್ಟು ಹೆಚ್ಚೆಂದರೆ ರೂ. 78,000 ಸಹಾಯಧನ ಸಿಗುತ್ತದೆ. ಇಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಈ ಸಹಾಯಧನ ವಿದ್ಯುತ್ ಕಂಪನಿಯ ಲೈನಿಗೆ ಜೋಡಿಸಿದ ಫಲಕಗಳಿಗೆ ಮಾತ್ರ. ಎರಡನೆಯದಾಗಿ, ಇದನ್ನು ಫಲಕದ ಕಿಲೋವ್ಯಾಟ್ ಲೆಕ್ಕದ ಮೇಲೆ ಕೊಡಲಾಗುತ್ತದೆ. ಬ್ಯಾಟರಿಗೆಂದು ಪ್ರತ್ಯೇಕ ಮೊತ್ತವಿಲ್ಲ. ಮೂರನೆಯದಾಗಿ, ಫಲಕ ಕೂರಿಸಿ ತಪಾಸಣೆಯಾದ ಮೇಲೆ ಹಣ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಆರಂಭದಲ್ಲಿ ಪೂರ್ಣ ಮೊತ್ತವನ್ನು ಕೈಯಿಂದ ಅಥವಾ ಸಾಲದಿಂದ ಹೊಂದಿಸಿಕೊಳ್ಳಬೇಕಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸೌರ ಫಲಕಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅಂದಾಜು ಪಟ್ಟಿಯಲ್ಲಿ ಹಳೆಯ ತೆರಿಗೆಯನ್ನೇ ಹಾಕಿದ್ದರೆ ಒಪ್ಪಬಾರದು.

ಬಿಲ್ಲಿನ ಉಳಿತಾಯ: ಎರಡು ಮನೆಗಳ ಲೆಕ್ಕ

ಮುಂದಿನ ಲೆಕ್ಕಗಳಲ್ಲಿ ವಿದ್ಯುತ್ ದರವನ್ನು ಯೂನಿಟ್‌ಗೆ ಸುಮಾರು ರೂ. 6 ಎಂದು ಹಿಡಿಯಲಾಗಿದೆ. ಸಾಮಗ್ರಿಗಳ ಬೆಲೆಗಳೂ ಉದಾಹರಣೆಗೆ ಮಾತ್ರ. ಓದುಗರು ತಮ್ಮ ಊರಿನಲ್ಲಿ ಕೇಳಿದ ಬೆಲೆಗಳನ್ನು ಅವುಗಳ ಜಾಗದಲ್ಲಿ ಹಾಕಿ ನೋಡತಕ್ಕದ್ದು.

ಮೊದಲನೆಯ ಮನೆಯಲ್ಲಿ ತಿಂಗಳಿಗೆ 250 ಯೂನಿಟ್ ಖರ್ಚಾಗುತ್ತದೆ ಎಂದುಕೊಳ್ಳೋಣ. ಈ ಮನೆಯವರು ಬ್ಯಾಟರಿ ಇಲ್ಲದೆ, ಲೈನಿಗೆ ಜೋಡಿಸಿದ 2 ಕಿಲೋವ್ಯಾಟ್ ಫಲಕಗಳನ್ನು ಹಾಕಿಸುತ್ತಾರೆ.

ಒಟ್ಟು ವೆಚ್ಚ: ರೂ. 1,20,000
ಸಹಾಯಧನ: ರೂ. 60,000
ಸ್ವಂತ ವೆಚ್ಚ: ರೂ. 60,000
ತಿಂಗಳ ಉತ್ಪಾದನೆ: 240 ಯೂನಿಟ್
ತಿಂಗಳ ಉಳಿತಾಯ: ರೂ. 1,440
ವರ್ಷದ ಉಳಿತಾಯ: ರೂ. 17,280

ಹೀಗೆ ಮೂರೂವರೆಯಿಂದ ನಾಲ್ಕು ವರ್ಷಗಳಲ್ಲಿ ಸ್ವಂತ ವೆಚ್ಚ ಹಿಂದಿರುಗುತ್ತದೆ. ಸಾಲ ಮಾಡಿದ್ದರೆ ಬಡ್ಡಿಯನ್ನೂ ಸೇರಿಸಬೇಕು. ಬಿಲ್ಲಿನಲ್ಲಿ ಸ್ಥಿರ ಶುಲ್ಕವೂ ಉಳಿಯುತ್ತದೆ. ಫಲಕಗಳು 25 ವರ್ಷಗಳವರೆಗೆ ಬಾಳುತ್ತವೆ. ನಡುವೆ ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಇಷ್ಟೆಲ್ಲ ಕಳೆದರೂ ಇದು ಲಾಭದ ಹೂಡಿಕೆಯೇ ಸರಿ.

ಎರಡನೆಯ ಮನೆಯಲ್ಲಿ ತಿಂಗಳಿಗೆ 80 ಯೂನಿಟ್ ಖರ್ಚು. ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಡಿ, 200 ಯೂನಿಟ್‌ಗೆ ಮೀರದಂತೆ, ಹಿಂದಿನ ಬಳಕೆಯ ಸರಾಸರಿಯ ಆಧಾರದ ಮೇಲೆ ಪ್ರತಿ ಮನೆಗೂ ಉಚಿತ ವಿದ್ಯುತ್ತಿನ ಮಿತಿ ನಿಗದಿಯಾಗಿದೆ. ಈ ಮನೆಯ ಬಳಕೆ ಆ ಮಿತಿಯೊಳಗೇ ಇರುವುದರಿಂದ ಬಿಲ್ಲು ಶೂನ್ಯ. ಬಿಲ್ಲು ಶೂನ್ಯವಿದ್ದಲ್ಲಿ ಉಳಿತಾಯವೂ ಶೂನ್ಯ. ಇಂಥ ಮನೆಯವರು ಬಿಲ್ಲು ಉಳಿಯುತ್ತದೆಂಬ ಮಾತಿಗೆ ಒಲಿದು ಸಾಲ ಮಾಡುವುದು ಸರಿಯಲ್ಲ.

ಬ್ಯಾಟರಿಯಲ್ಲಿಟ್ಟ ಯೂನಿಟ್‌ನ ಬೆಲೆ

ಬಿಸಿಲು ಪುಕ್ಕಟೆಯಾದರೂ ಅದನ್ನು ಕೂಡಿಡುವುದು ಪುಕ್ಕಟೆಯಲ್ಲ. ಹಗೇವಿನಲ್ಲಿಟ್ಟ ರಾಗಿಗೂ ಒಂದಿಷ್ಟು ಖರ್ಚು, ಒಂದಿಷ್ಟು ಸವಕಳಿ ಇದ್ದೇ ಇರುತ್ತದೆ. ಬ್ಯಾಟರಿಯದೂ ಹಾಗೆಯೇ.

12 ವೋಲ್ಟ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ ಹೇಳಿಕೆಗೆ 1.8 ಯೂನಿಟ್ ಇರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅರ್ಧವನ್ನು ಮಾತ್ರ ಬಳಸಿ, ಇನ್ವರ್ಟರಿನಲ್ಲಾಗುವ ನಷ್ಟ ಕಳೆದರೆ ಒಂದು ರಾತ್ರಿಗೆ ಕೈಗೆ ಸಿಗುವುದು ಸುಮಾರು 0.75 ಯೂನಿಟ್. ಬೆಲೆ ರೂ. 16,000, ಬಾಳಿಕೆ 1,500 ಸಲ ತುಂಬಿ ಬಳಸುವಷ್ಟು ಎಂದು ಹಿಡಿದರೆ, ಪ್ರತಿ ಯೂನಿಟ್‌ಗೆ ಕೂಡಿಡುವ ಖರ್ಚೇ ಸುಮಾರು ರೂ. 14 ಆಗುತ್ತದೆ.

ಲಿಥಿಯಂ ಬ್ಯಾಟರಿಯನ್ನು ಶೇಕಡಾ 80ರವರೆಗೆ ಬಳಸಬಹುದು, ಬಾಳಿಕೆಯೂ ಹೆಚ್ಚು. 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಿಂದ ರಾತ್ರಿಗೆ ಸುಮಾರು 0.9 ಯೂನಿಟ್ ಸಿಗುತ್ತದೆ. ಬೆಲೆ ರೂ. 25,000, ಬಾಳಿಕೆ 3,000 ಸಲ ಎಂದು ಹಿಡಿದರೆ ಯೂನಿಟ್‌ಗೆ ಸುಮಾರು ರೂ. 9 ಬೀಳುತ್ತದೆ. ಕೊಳ್ಳುವಾಗ ದುಬಾರಿಯೆನಿಸಿದರೂ ದಿನವೂ ಬಳಸುವವರಿಗೆ ಇದೇ ಅಗ್ಗ.

ಲೈನಿನಿಂದ ಬರುವ ಯೂನಿಟ್‌ಗೆ ರೂ. 6 ಇರುವಾಗ, ರೂ. 9 ಅಥವಾ 14 ಕೊಟ್ಟು ಕೂಡಿಟ್ಟರೆ ಉಳಿತಾಯವಾಗದು. ಅಲ್ಲದೆ ನೆಟ್ ಮೀಟರ್ ಇರುವ ಮನೆಯಲ್ಲಿ ಹಗಲು ಲೈನಿಗೆ ಕೊಟ್ಟ ಯೂನಿಟ್ ರಾತ್ರಿಯ ಬಳಕೆಗೆ ವಜಾ ಆಗುವುದರಿಂದ ಬ್ಯಾಟರಿಯಿಂದ ಬಿಲ್ಲು ಮತ್ತಷ್ಟು ಇಳಿಯುವುದಿಲ್ಲ.

ಯಾವಾಗಲೋ ಕರೆಂಟು ಹೋದಾಗ ಮಾತ್ರ ಬಳಸುವ ಬ್ಯಾಟರಿಯ ಲೆಕ್ಕ ಇನ್ನೂ ಭಿನ್ನ. ಬಳಸದಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಮೇಲೆ ಹೇಳಿದ ಟ್ಯೂಬುಲರ್ ಬ್ಯಾಟರಿಯನ್ನು ವರ್ಷಕ್ಕೆ 60 ರಾತ್ರಿಯಂತೆ 5 ವರ್ಷ ಬಳಸಿದರೆ ಸಿಗುವುದು 225 ಯೂನಿಟ್. ಅಂದರೆ ಯೂನಿಟ್‌ಗೆ ರೂ. 71.

ಬ್ಯಾಟರಿ ಯಾರಿಗೆ ಬೇಕು?

ಹಾಗಾದರೆ ಬ್ಯಾಟರಿಯೇ ಬೇಡವೆಂದಲ್ಲ. ಕರೆಂಟು ಹೋದಾಗ ಆಗುವ ನಷ್ಟ ಎಷ್ಟು ಎಂಬುದೇ ಇಲ್ಲಿ ಸರಿಯಾದ ಅಳತೆ. ಬಲ್ಬಿನ ಕಾವಿನಲ್ಲಿರುವ ಕೋಳಿಮರಿಗಳು ಚಳಿಯ ಒಂದೇ ರಾತ್ರಿಯಲ್ಲಿ ಸಾಯಬಹುದು. ಶೀತದಲ್ಲಿಟ್ಟ ಔಷಧಿ ಕೆಡಬಹುದು. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಓದು ನಿಲ್ಲುತ್ತದೆ. ತೋಟದ ಮನೆಯಲ್ಲಿ ರಾತ್ರಿ ಹಾವು, ಚೇಳಿನ ಭಯವಿರುತ್ತದೆ. ಇಂಥಲ್ಲಿ ಯೂನಿಟ್‌ಗೆ ರೂ. 71 ಕೂಡ ಹೆಚ್ಚಲ್ಲ. ಸಣ್ಣ ಪೆಟ್ರೋಲ್ ಜನರೇಟರ್ ಕಡಿಮೆ ಹೊರೆಯಲ್ಲೂ ಗಂಟೆಗೆ ಸುಮಾರು ಅರ್ಧ ಲೀಟರ್ ಪೆಟ್ರೋಲ್ ಕುಡಿಯುತ್ತದೆ ಎಂಬುದನ್ನೂ ಹೋಲಿಸಿ ನೋಡಬೇಕು.

ಪಂಪ್‌ಸೆಟ್ ಫೀಡರಿಗೆ ಸೇರಿದ, ದಿನಕ್ಕೆ ಕೆಲವೇ ಗಂಟೆ ಸರಿಯಾದ ಪೂರೈಕೆ ಇರುವ ತೋಟದ ಮನೆಗಳಿಗೂ, ಲೈನೇ ಬಾರದ ಒಂಟಿ ಮನೆಗಳಿಗೂ ಬ್ಯಾಟರಿ ಅಗತ್ಯ. ಇವರು ಬ್ಯಾಟರಿಯ ಖರ್ಚನ್ನು ಬಿಲ್ಲಿನೊಡನೆ ಹೋಲಿಸದೆ, ಕಂಬ ಹಾಕಿಸಿ ಲೈನ್ ಎಳೆಸುವ ಖರ್ಚಿನೊಡನೆ ಹೋಲಿಸಬೇಕು.

ಇನ್ನೊಂದು ಮುಖ್ಯ ಸಂಗತಿ ಎಷ್ಟೋ ಜನರಿಗೆ ಫಲಕ ಹಾಕಿಸಿದ ಮೇಲೆ ತಿಳಿಯುತ್ತದೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ವ್ಯವಸ್ಥೆಯು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನವಾದರೂ ಅಷ್ಟೇ. ಲೈನಿನ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ನ ಜೀವಕ್ಕೆ ಅಪಾಯವಾಗದಿರಲೆಂದು ಹೀಗೆ ಮಾಡಲಾಗಿದೆ. ಕರೆಂಟು ಹೋದಾಗಲೂ ವಿದ್ಯುತ್ ಬೇಕೆನ್ನುವವರು ಬ್ಯಾಟರಿ ಜೋಡಿಸಬಲ್ಲ ಹೈಬ್ರಿಡ್ ಇನ್ವರ್ಟರನ್ನೇ ಕೇಳಿ ಪಡೆಯಬೇಕು.

ಹೊರೆ ಇಳಿಸಿದರೆ ಖರ್ಚೂ ಇಳಿಯುತ್ತದೆ

ಬ್ಯಾಟರಿ ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸುವ ಮುನ್ನ ರಾತ್ರಿಯ ಅಗತ್ಯವನ್ನು ಕೆಳಕಂಡಂತೆ ಬರೆದುಕೊಳ್ಳಬೇಕು.

9 ವ್ಯಾಟಿನ 4 ಎಲ್‌ಇಡಿ ಬಲ್ಬು, 4 ಗಂಟೆ: 144 ವ್ಯಾಟ್-ಗಂಟೆ
75 ವ್ಯಾಟಿನ 2 ಫ್ಯಾನು, 8 ಗಂಟೆ: 1,200 ವ್ಯಾಟ್-ಗಂಟೆ
60 ವ್ಯಾಟಿನ ಟಿ.ವಿ., 3 ಗಂಟೆ: 180 ವ್ಯಾಟ್-ಗಂಟೆ
ಮೊಬೈಲ್ ಇತ್ಯಾದಿ: 100 ವ್ಯಾಟ್-ಗಂಟೆ
ಒಟ್ಟು: 1,624 ವ್ಯಾಟ್-ಗಂಟೆ, ಅಂದರೆ ಸುಮಾರು 1.6 ಯೂನಿಟ್

ಇದರಲ್ಲಿ ಮುಕ್ಕಾಲು ಪಾಲಿನಷ್ಟು ಫ್ಯಾನುಗಳೇ ತಿನ್ನುತ್ತವೆ. ಇವುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ ಫ್ಯಾನಿನ ಖರ್ಚು 480ಕ್ಕೆ, ಒಟ್ಟು 904 ವ್ಯಾಟ್-ಗಂಟೆಗೆ ಇಳಿಯುತ್ತದೆ. 1.6 ಯೂನಿಟ್‌ಗೆ 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳೂ ಸಾಲವು, 0.9 ಯೂನಿಟ್‌ಗೆ 200 ಆಂಪಿಯರ್-ಗಂಟೆಯ ಒಂದೇ ಬ್ಯಾಟರಿ ಮತ್ತು 400 ವ್ಯಾಟಿನ ಫಲಕ ಸಾಕು. ಎರಡು ಫ್ಯಾನುಗಳಿಗೆ ಸುಮಾರು ರೂ. 6,000 ಕೊಟ್ಟು ಅದಕ್ಕಿಂತ ದುಬಾರಿಯಾದ ಎರಡನೆಯ ಬ್ಯಾಟರಿಯನ್ನು ತಪ್ಪಿಸಿದಂತಾಯಿತು. ಆ ಬ್ಯಾಟರಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಕೊಳ್ಳುವುದೂ ತಪ್ಪಿತು.

ನೀರೆತ್ತುವ ಪಂಪು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳನ್ನು ಬಿಸಿಲಿರುವಾಗಲೇ ನಡೆಸಬೇಕು. 5 ಅಶ್ವಶಕ್ತಿಯ ಪಂಪು ಒಂದು ಗಂಟೆಗೆ ಸುಮಾರು 4 ಯೂನಿಟ್ ಎಳೆಯುವುದರಿಂದ ಅದನ್ನು ಮನೆಯ ಬ್ಯಾಟರಿಗೆ ಜೋಡಿಸುವ ಯೋಚನೆಯನ್ನೇ ಮಾಡಬಾರದು. ಹಗಲಿನಲ್ಲಿ ನೀರೆತ್ತಿ ತೊಟ್ಟಿ ತುಂಬಿಸಿಟ್ಟುಕೊಳ್ಳಿ. ರೈತನಿಗೆ ತುಂಬಿದ ತೊಟ್ಟಿಯೇ ಅತಿ ಅಗ್ಗದ ಬ್ಯಾಟರಿ.

ಕೊಳ್ಳುವಾಗ ಮತ್ತು ನಂತರ

1. ಟ್ಯೂಬುಲರ್ ಬ್ಯಾಟರಿಯ ಮೇಲೆ ಸಿ-10 ಎಂದು ನಮೂದಿಸಿರುವುದನ್ನು ನೋಡಿ ಕೊಳ್ಳಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಗಳಿಗೆ ಸಿ-20 ಅಳತೆ ಇರುತ್ತದೆ. ಎರಡರ ಮೇಲೂ 150 ಎಂದಿದ್ದರೂ ಸಾಮರ್ಥ್ಯ ಒಂದೇ ಅಲ್ಲ.

2. ಖಾತರಿ ಪತ್ರವನ್ನು ಬರಹದಲ್ಲಿ ಪಡೆಯಿರಿ. ಎಷ್ಟು ವರ್ಷ ಪೂರ್ತಿ ಬದಲಿಸಿಕೊಡುತ್ತಾರೆ, ಎಷ್ಟು ವರ್ಷ ಬೆಲೆಯ ಒಂದು ಪಾಲನ್ನಷ್ಟೇ ಕೊಡುತ್ತಾರೆ ಎಂಬುದನ್ನು ಬಿಡಿಸಿ ಕೇಳಿ.

3. ಭೂಸಂಪರ್ಕ ಮತ್ತು ಸಿಡಿಲು ರಕ್ಷಣೆ ಅಂದಾಜು ಪಟ್ಟಿಯಲ್ಲಿ ಸೇರಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಇದರ ಬೆಲೆ ತಿಳಿಯುತ್ತದೆ.

4. ಸೀಸದ ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಡಿ. ತುಂಬುವಾಗ ಅದರಿಂದ ಹೊತ್ತಿಕೊಳ್ಳುವ ಅನಿಲ ಹೊರಬರುತ್ತದೆ. ಅಡುಗೆ ಮನೆ ಮತ್ತು ಮೇವಿನ ಕೊಠಡಿಗಳು ತರವಲ್ಲ. ನೀರಿನ ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ಅಥವಾ ಕೊಳವೆಬಾವಿಯ ನೀರನ್ನು ಸರ್ವಥಾ ಹಾಕಬಾರದು.

5. ಕಣದ ಧೂಳು, ಹಕ್ಕಿಯ ಹಿಕ್ಕೆ ಫಲಕದ ಮೇಲೆ ಕೂತರೆ ಉತ್ಪಾದನೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಕಾದ ಫಲಕದ ಮೇಲೆ ತಣ್ಣೀರು ಸುರಿಯಬೇಡಿ.

6. ಹಳೆಯ ಸೀಸದ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ. ಸೀಸ ವಿಷ; ಮಕ್ಕಳಿಗೆ ಹೆಚ್ಚು ಅಪಾಯಕಾರಿ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಹಿಂದಿರುಗಿಸಿದರೆ ಬೆಲೆಯಲ್ಲೂ ಕಡಿತ ಸಿಗುತ್ತದೆ.

ಒಟ್ಟಿನಲ್ಲಿ, ತಿಂಗಳ ಬಿಲ್ಲು ದೊಡ್ಡದಿದ್ದವರು ಮೊದಲು ಫಲಕ ಹಾಕಿಸಲಿ. ಬಿಲ್ಲು ಶೂನ್ಯವಿದ್ದು ಕರೆಂಟಿನ ಕಾಟ ಮಾತ್ರ ಇರುವವರು ದೀಪ, ಫ್ಯಾನುಗಳಿಗಾಗುವಷ್ಟು ಚಿಕ್ಕ ಫಲಕ ಮತ್ತು ಒಂದು ಬ್ಯಾಟರಿಗೆ ತೃಪ್ತರಾಗಲಿ. ಎರಡೂ ತೊಂದರೆ ಇರುವವರು ಹೈಬ್ರಿಡ್ ಇನ್ವರ್ಟರನ್ನು ಈಗಲೇ ಹಾಕಿಸಿ, ಬ್ಯಾಟರಿಯನ್ನು ಅಗತ್ಯ ಕಂಡಷ್ಟೇ ಸೇರಿಸಿಕೊಳ್ಳಲಿ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನೂ, ರಾತ್ರಿಯ ಅಗತ್ಯದ ಪಟ್ಟಿಯನ್ನೂ ಮುಂದಿಟ್ಟುಕೊಂಡು ಮನೆಯವರೆಲ್ಲ ಕುಳಿತು ಲೆಕ್ಕ ಮಾಡಿ, ಆಮೇಲೆ ಅಂಗಡಿಗೆ ಹೋಗುವುದು ಲೇಸು.