ಹಸಿಮಣ್ಣೂ ವಾಚನಪಾಠವೂ

ಕನ್ನಡದಲ್ಲಿ ‘ತಿದ್ದು’ ಎಂಬ ಧಾತುವು ಎರಡರ್ಥಗಳಲ್ಲಿ ಬಳಕೆಯಲ್ಲಿರುವುದು. ಎಳೆಯರು ಅಕ್ಷರದ ಮೇಲೆ ಮರಳಿ ಮರಳಿ ಕೈಯಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಹಲಗೆಯ ಮೇಲೆ ತಪ್ಪಿದರೆ ಅಳಿಸಬೇಕು. ಹಸಿಮಣ್ಣಿನಲ್ಲಾದರೋ ಒತ್ತಿ, ಎಳೆದು, ಸೇರಿಸಿ, ಮಾಡಿದುದನ್ನೇ ನೇರ್ಪಡಿಸಬಹುದು. ಮಣ್ಣಿನ ಎಳೆಯಿಂದ ‘ವ’ಕಾರವನ್ನು ಮಾಡಿದ ಮಗುವು ಬಲಗಡೆ ಇನ್ನೊಂದು ತುಂಡನ್ನು ಬಾಗಿಸಿ ಅಂಟಿಸಿದರೆ ‘ಮ’ಕಾರವಾಗುವುದು. ‘ದ’ಕಾರದ ಬುಡವನ್ನು ಕಡ್ಡಿಯಿಂದ ಸೀಳಿದರೆ ‘ಧ’, ಅದರ ಒಡಲಲ್ಲಿ ಬಿಂದುವಿಟ್ಟರೆ ‘ಥ’. ಕರ್ನಾಟಕದ ಮೊದಲ ತರಗತಿಯಲ್ಲಿ ರ, ಗ, ಸ, ದ, ಅ ಎಂದು ಕಲಿಸುವ ಕ್ರಮವು ವರ್ಣಗಳ ಸ್ಥಾನಕ್ರಮವನ್ನು ಬಲ್ಲ ಪಂಡಿತರಿಗೆ ಅಪಥ್ಯವೆನಿಸಬಹುದು. ಆದರೆ ಸ್ಥಾನಕ್ರಮವು ಕಿವಿಗೆ ಹಿತವಾದುದು. ಕೈಗೆ ಬೇಕಾದುದು ಆಕಾರಕ್ರಮ.

ಫ್ರೋಬೆಲನ ಶಿಶುವಿಹಾರದಲ್ಲಿ ಮಣ್ಣಿನ ಕೆಲಸವಿದ್ದಿತು. 1937ರ ವಾರ್ಧಾ ಯೋಜನೆಯು ಕೈಗೆಲಸವನ್ನೇ ಶಿಕ್ಷಣದ ನಡುವಿಗೆ ತಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿಕಲಿ’ಯೂ ಚಟುವಟಿಕೆಯ ಮೂಲಕವೇ ಓದನ್ನು ಕಲಿಸುವ ಪದ್ಧತಿ. ಇಷ್ಟಾದರೂ ಮಣ್ಣಿನ ಕೆಲಸವು ಬಿಡುವಿನ ವಿನೋದವೆಂದೇ ಹಲವರ ಭಾವನೆ. ಇದು ಸರಿಯಲ್ಲ.

ಕಂಠಪಾಠಕ್ಕಿರುವ ಗೌರವವು ಉಚಿತವೇ. ಆದರೆ ಪಕ್ಕದವನ ಧ್ವನಿಯನ್ನು ಹಿಂಬಾಲಿಸಿ ಪಾಠವೊಪ್ಪಿಸುವವನೂ ನಿಜವಾಗಿ ಓದಬಲ್ಲವನೂ ಉಪಾಧ್ಯಾಯರ ಕಿವಿಗೆ ಒಂದೇ ತೆರನಾಗಿ ಕೇಳಿಸುವರು. ಓದು ಬಾರದ ಮಗು ಹೀಗೆ ಯಾರ ಕಣ್ಣಿಗೂ ಬೀಳದೆ ಮುಂದಿನ ತರಗತಿಗೆ ಸಾಗಿಬಿಡುವುದುಂಟು. ಮಣ್ಣು ಈ ಮರೆಯನ್ನು ಉಳಿಸದು.

ಒಂದು ನಿದರ್ಶನ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ‘ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಗಿಡ್ಡ, ಹಿಂದಿನ ಜೋಡಿ ಉದ್ದ. ಹೆಣ್ಣಿಗೆ ಕೊಂಬಿಲ್ಲ’ ಎಂದು ಚೀಟಿಯಲ್ಲಿ ಬರೆದುಕೊಟ್ಟು, ಮೌನವಾಗಿ ಓದಿ ಎರಡನ್ನೂ ಮಾಡೆಂದು ಹೇಳತಕ್ಕದ್ದು. ನಾಲ್ಕು ಕೊಂಬುಗಳೂ ಸಮನಾಗಿದ್ದರೆ ಎರಡನೆಯ ವಾಕ್ಯದಲ್ಲಿ ತೊಡಕು ಬಂದಿತೆಂದು ತಿಳಿಯಬಹುದು. ಹೆಣ್ಣಿಗೂ ಕೊಂಬು ಮೂಡಿದ್ದರೆ ‘ಇಲ್ಲ’ ಎಂಬ ನಿಷೇಧವು ಕಣ್ತಪ್ಪಿತೆಂದರ್ಥ. ಬಾಯಿಪಾಠದ ಯಾವ ಪರೀಕ್ಷೆಯೂ ದೋಷದ ನೆಲೆಯನ್ನು ಇಷ್ಟು ನಿಖರವಾಗಿ ತೋರಿಸದು.

ಚನ್ನಗಿರಿ ತಾಲ್ಲೂಕಿನಲ್ಲಿ ಸಂತೆಬೆನ್ನೂರಿನ ಪುಷ್ಕರಿಣಿಯುಂಟು. ಅದರ ಸೋಪಾನಗಳನ್ನೂ ನೀರ ನಡುವಿನ ಮಂಟಪವನ್ನೂ ವರ್ಣಿಸುವ ಪಾಠದಿಂದ ‘ಒಳಗೆ’, ‘ನಡುವೆ’, ‘ಮೇಲೆ’ ಎಂಬ ಪದಗಳನ್ನು ಅಭ್ಯಾಸಮಾಡಿಸಬಹುದು. ಹೊನ್ನಾಳಿ, ನ್ಯಾಮತಿಗಳ ಉಪಾಧ್ಯಾಯರಿಗೆ ಎತ್ತಿಗಿಂತ ಸುಲಭವಾದ ವಸ್ತು ಬೇರೆ ಬೇಡ. ಶಾಲೆ ತೆರೆದ ಕೆಲವು ವಾರಗಳಲ್ಲಿಯೇ ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆ ಬರುವುದು. ಕೆರೆಯಂಗಳದ ಜಿಗುಟುಮಣ್ಣನ್ನು ಕಲ್ಲು ತೆಗೆದು, ನಾದಿ, ಒದ್ದೆಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ಮೂರ್ತಿಯ ಚೆಲುವಿಗೆ ಅಂಕ ಕೊಡಕೂಡದು. ಕಾಲು ಡೊಂಕಾದರೂ ಕೊಂಬಿನ ಲೆಕ್ಕ ಸರಿಯಿದ್ದರೆ ಓದು ಸರಿಯೆಂದೇ ಎಣಿಸಬೇಕು. ಮೂರ್ತಿಯ ಮುಂದಿಡುವ ಹೆಸರಿನ ಚೀಟಿಯನ್ನು ಮಗುವೇ ಬರೆಯಲಿ. ಮರುದಿನ ಚೀಟಿಗಳನ್ನು ಕಲಸಿ, ಬೇರೊಂದು ಮಗುವಿನಿಂದ ಓದಿಸಿ, ಆಯಾ ಮೂರ್ತಿಯ ಮುಂದೆ ಇಡಿಸತಕ್ಕದ್ದು.