ಮುದಿ ವ್ಯಾನಿನ ಲೆಕ್ಕದ ಪುಸ್ತಕ

ಹೊಸದಾಗಿ ಬಂದ ದಿನ ಆರತಿಯೆತ್ತಿ, ಚಕ್ರದಡಿಗೆ ನಿಂಬೆಹಣ್ಣನ್ನಿಟ್ಟು ಬರಮಾಡಿಕೊಂಡ ಬಂಡಿಗೂ ವಯಸ್ಸಾಗುವುದುಂಟು. ಹನ್ನೆರಡು ಮಂದಿ ಕೂರುವ ದೊಡ್ಡ ಡೀಸೆಲ್ ವ್ಯಾನು ಹಾಸನದ ನಮ್ಮ ಮನೆಗೆ ಬಂದುದು 2004ನೆಯ ಇಸವಿಯಲ್ಲಿ. ನಮ್ಮದು ಅವಿಭಕ್ತ ಕುಟುಂಬ. ಮದುವೆ, ಮುಂಜಿ, ಕ್ಷೇತ್ರದರ್ಶನಗಳಿಗೆ ಎಲ್ಲರೂ ಕೂಡಿಯೇ ಹೊರಡತಕ್ಕವರು. ಬಂಡಿ ಮುದಿಯಾದ ಮೇಲೆ ಅದನ್ನು ಸಾಕಬೇಕೋ ಗುಜರಿಗೆ ಹಾಕಬೇಕೋ ಎಂಬ ಚರ್ಚೆ ಊಟದ ಎಲೆಯ ಮುಂದೆ ಮೇಲಿಂದ ಮೇಲೆ ಎದ್ದಿತು. ಕಡೆಗೊಂದು ದಿನ ನಾವು ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದು ಕುಳಿತೆವು. ಅಲ್ಲಿ ಕಂಡ ಸಂಗತಿ ನಮಗೆ ಅನಿರೀಕ್ಷಿತವಾಗಿತ್ತು. ಜೇಬನ್ನು ಬರಿದುಮಾಡಿದ ದೊಡ್ಡ ರಿಪೇರಿಗಳ ಹಿಂದೆಲ್ಲ, ಕೆಲವು ತಿಂಗಳ ಮೊದಲು ನಾವು “ಮುಂದೆ ನೋಡೋಣ” ಎಂದು ಬಿಟ್ಟಿದ್ದ ಚಿಕ್ಕ ರಿಪೇರಿಯೊಂದು ಇದ್ದೇ ಇತ್ತು. ಇಂಥ ಬಂಡಿಯನ್ನು ಇಟ್ಟುಕೊಂಡಿರುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇವೆ.

ನಮ್ಮ ದೇಶದಲ್ಲಿ ಈ ಜಾತಿಯ ವ್ಯಾನುಗಳನ್ನು ಮನೆಮಾತಾಗಿಸಿದ್ದು ಪುಣೆಯ ಬಜಾಜ್ ಟೆಂಪೋ ಕಂಪನಿಯ ಮೆಟಡೋರ್. 1987ರಲ್ಲಿ ಅದೇ ಕಂಪನಿಯಿಂದ ಟ್ರಾವೆಲರ್ ಬಂದಿತು. ಅದರ ಡೀಸೆಲ್ ಎಂಜಿನ್ನು ಜರ್ಮನಿಯ ಮರ್ಸಿಡಿಸ್ ಎಂಜಿನ್ನಿನ ವಂಶದ್ದು. 2005ರಲ್ಲಿ ಕಂಪನಿಯು ಫೋರ್ಸ್ ಮೋಟಾರ್ಸ್ ಎಂದು ಹೆಸರನ್ನು ಬದಲಿಸಿಕೊಂಡರೂ ಜನರ ಬಾಯಲ್ಲಿ ಅದು ಇಂದಿಗೂ ಟೆಂಪೋ ಟ್ರಾವೆಲರೇ. ನಮ್ಮ ಬಂಡಿ ಯಾರ ತಯಾರಿಕೆಯದೆಂಬುದು ಇಲ್ಲಿ ಬೇಡ. ತಪ್ಪು ಬಂಡಿಯ ವಯಸ್ಸಿನದು, ಅದಕ್ಕಿಂತ ಹೆಚ್ಚಾಗಿ ನಮ್ಮದು.

ಮೊದಲ ಸ್ಥಾನ ಸಲ್ಲತಕ್ಕದ್ದು ಬಿಸಿಗೆ. 2022ರ ಬೇಸಗೆಯಲ್ಲಿ ಕುಕ್ಕೆಯಿಂದ ಹಿಂದಿರುಗುತ್ತ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಹತ್ತುತ್ತಿದ್ದಾಗ ಉಷ್ಣದ ಮುಳ್ಳು ಕೆಂಪುಗೆರೆಗೆ ಏರಿತು. ಬಂಡಿ ನಡೆಸುತ್ತಿದ್ದ ಅಣ್ಣನ ಮಗನು ಇಳಿದು, ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟಿದ್ದನು. ಅತ್ತಿಗೆಯವರು ಕೂಗಿ ತಡೆದುದರಿಂದ ಅವನ ಮುಖ ಉಳಿಯಿತು. ಒಲೆಯ ಮೇಲಿನ ಕುಕ್ಕರಿನಂತೆ ರೇಡಿಯೇಟರಿನೊಳಗೂ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡವಿಳಿದು ನೀರು ಉಕ್ಕಿ ಮೇಲಕ್ಕೆ ಚಿಮ್ಮುವುದು. ಅರ್ಧ ಗಂಟೆ ಕಾದು ನೀರು ತುಂಬಿದೆವು. ಅಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕತ್ತಲಾಗುತ್ತಿದೆಯೆಂಬ ಆತುರದಿಂದ, ಮುಳ್ಳು ಮತ್ತೆ ಏರುತ್ತಿದ್ದರೂ ಮಾರನಹಳ್ಳಿಯವರೆಗೆ ಓಡಿಸಿದೆವು. ಮರುದಿನ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

ಎಂಜಿನ್ನಿನ ಕೆಳಭಾಗಕ್ಕೂ ಮೇಲಿನ ತಲೆಗೂ ನಡುವೆ ತೆಳುವಾದ ಗ್ಯಾಸ್ಕೆಟ್ ಒಂದಿರುತ್ತದೆ. ಕುಕ್ಕರಿನ ರಬ್ಬರಿನಂತೆ ಅದರ ಕೆಲಸವೂ ಒಳಗಿನದನ್ನು ಒಳಗೇ ತಡೆಯುವುದು. ಕಾವು ಮಿತಿಮೀರಿದರೆ ಲೋಹದ ತಲೆ ಸೊಟ್ಟಗಾಗಿ ಗ್ಯಾಸ್ಕೆಟ್ ಸುಟ್ಟು, ನೀರು ಎಣ್ಣೆಯೊಡನೆ ಬೆರೆಯುತ್ತದೆ. ತಲೆಯನ್ನು ಬಿಚ್ಚಿ, ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಿ, ಮತ್ತೆ ಕೂರಿಸುವಷ್ಟರಲ್ಲಿ ನಮಗೆ ಬಿದ್ದ ವೆಚ್ಚ 19,400 ರೂಪಾಯಿ. ಎಳೆದು ತಂದುದಕ್ಕೆ ಬೇರೆ 3,500. ಇಷ್ಟಕ್ಕೂ ಕಾರಣವೇನು? ನಮ್ಮ ಮೇಸ್ತ್ರಿಯು ರೇಡಿಯೇಟರನ್ನು ಬಿಚ್ಚಿ ತೋರಿಸಿ, “ಸ್ವಾಮಿ, ಬಂಡಿ ಕೆಟ್ಟದ್ದು ಘಾಟಿಯಲ್ಲಲ್ಲ, ನಿಮ್ಮ ಬೋರಿನ ನೀರಿನಲ್ಲಿ” ಎಂದನು. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಸುಣ್ಣವೇ ಆ ಸಣ್ಣ ಕೊಳವೆಗಳಲ್ಲಿ ತುಂಬಿಕೊಂಡಿತ್ತು. ಅದನ್ನು ಶುಚಿಮಾಡಿಸಿ, ಬಿರುಕು ಬಿಟ್ಟಿದ್ದ ರಬ್ಬರ್ ಕೊಳವೆಗಳನ್ನು ಬದಲಿಸಿ, ಕೂಲಂಟ್ ತುಂಬಿಸಲು ಹಿಂದಿನ ದೀಪಾವಳಿಯಲ್ಲಿಯೇ ಅವನು 4,000 ರೂಪಾಯಿ ಕೇಳಿದ್ದನು. ನಾವು ಚೌಕಾಸಿ ಮಾಡಿ ಕಳುಹಿಸಿದ್ದೆವು.

ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಕಥೆಯೂ ಇಂಥದೇ. ಗೇರು ಹಾಕಿದೊಡನೆ ತಳದಲ್ಲಿ ‘ಟಣ್’ ಎಂದರೆ ಕ್ರಾಸ್ ಸವೆದಿದೆಯೆಂದು ತಿಳಿಯತಕ್ಕದ್ದು. ಒಂದು ಕ್ರಾಸಿಗೆ ಕೂಲಿಯೂ ಸೇರಿ ನಮಗೆ 1,400 ಆಯಿತು. ಅದನ್ನು ಬಿಟ್ಟು ಓಡಿಸಿದರೆ ಶಾಫ್ಟು ಅದುರಿ ನಡುವಿನ ಬೇರಿಂಗ್ ಹಾಳಾಗುತ್ತದೆ. ಮುರಿದು ರಸ್ತೆಗೆ ಬಿದ್ದರಂತೂ ಪ್ರಾಣಕ್ಕೇ ಸಂಚಕಾರ. ಕ್ಲಚ್ ಪ್ಲೇಟು, ಅದರ ಜೊತೆಯ ಭಾಗಗಳು ಎಲ್ಲವೂ ಸೇರಿ 11,000. ಕಮಾನುಪಟ್ಟಿಗಳಲ್ಲಿ ಮುಖ್ಯವಾದುದು ತುಂಡಾಗಿ ಎರಡು ಬಾರಿ ಬದಲಾಯಿಸಿದೆವು. ಎರಡು ಸಲವೂ ನಾವು ಮಂದಿಯ ಜೊತೆಗೆ ಅಕ್ಕಿಮೂಟೆಗಳನ್ನೂ ಹೇರಿದ್ದೆವೆಂದು ಒಪ್ಪಿಕೊಳ್ಳಬೇಕು.

ಚಳಿಗಾಲದ ಬೆಳಗ್ಗೆ ಎಂಜಿನ್ನು ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಒಡನೆಯೇ ಎಲ್ಲರೂ ಬ್ಯಾಟರಿಯನ್ನು ದೂರುವರು. ನಾವೂ ದೂರಿ, ಹೊಸ ಬ್ಯಾಟರಿಗೆ 7,000 ತೆತ್ತು, ಮರುದಿನವೂ ಬಂಡಿಯನ್ನು ತಳ್ಳಿದೆವು. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ಗುಗಳಿರುತ್ತವೆ, ಸತ್ತಿದ್ದುದು ಅವು. ನಾಲ್ಕಕ್ಕೆ ಆದುದು 1,500 ರೂಪಾಯಿ. ಹೀಗೆ ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗುವ ಮೇಸ್ತ್ರಿಗಿಂತ, ಮೊದಲು ಪರೀಕ್ಷಿಸಿ ನೋಡಿ ಅದಕ್ಕೆ ಕೂಲಿ ಕೇಳುವವನೇ ಅಗ್ಗವೆಂದು ನಮಗೆ ಮನವರಿಕೆಯಾಗಿದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಉಳಿತಾಯದ ಮಾತನ್ನೇ ಎತ್ತತಕ್ಕದ್ದಲ್ಲ. ಡೀಸೆಲ್ ವ್ಯಾನಿನಲ್ಲಿ ಬ್ರೇಕಿಗೆ ಬಲ ಕೊಡುವುದು ಎಂಜಿನ್ನಿನಿಂದ ನಡೆಯುವ ಪುಟ್ಟ ನಿರ್ವಾತ ಪಂಪು. ಎಂಜಿನ್ನು ನಿಂತರೆ, ಕೂಡಿಟ್ಟ ಬಲದಿಂದ ಒಂದೆರಡು ಬಾರಿ ಬ್ರೇಕು ಹಿಡಿದೀತು. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುವುದು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ನನ್ನು ಆರಿಸುವ ಚಾಲಕರನ್ನು ನಾವು ಕಂಡಿದ್ದೇವೆ. ಅಂಥವರ ಬಂಡಿಯಲ್ಲಿ ಮಕ್ಕಳನ್ನು ಕೂರಿಸಬಾರದು. ಬ್ರೇಕಿನ ಎಣ್ಣೆಯು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಾಟಿಯಲ್ಲಿ ಸದಾ ಬ್ರೇಕನ್ನೇ ತುಳಿಯುತ್ತ ಇಳಿದರೆ ಆ ಎಣ್ಣೆ ಕುದಿದು ಪೆಡಲು ನೆಲಕ್ಕೆ ಹೋಗುವುದು. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಿಸಲು ನಮಗೆ ತಗಲುವುದು ಸಾವಿರದೊಳಗೆ. ಕಡಿದಾದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯುವುದಕ್ಕೆ ಕಾಸೂ ಖರ್ಚಿಲ್ಲ.

ಇಷ್ಟಾದರೂ, ಬಂಡಿಯ ಆಯುಸ್ಸನ್ನು ನಿರ್ಣಯಿಸುವುದು ಎಂಜಿನ್ನಲ್ಲ, ತುಕ್ಕು ಎಂಬುದು ನಮ್ಮ ಅಭಿಪ್ರಾಯ. ಎಂಜಿನ್ನನ್ನು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಹೊಸದರಂತೆ ಮಾಡಿಸಬಹುದು. ಸಿಗದ ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರಿಸಬಹುದು. ಕೆಳಗಿನ ಚೌಕಟ್ಟು ತಿಂದುಹೋದರೆ ತರುವುದೆಲ್ಲಿಂದ? ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ, ನೆಲಹಾಸಿನಡಿ ನಿಂತ ನೀರು — ಇವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಮೇಲೆ ಬಣ್ಣ ಹೊಡೆಸಿ ಮಾರುವವರೂ ಇದ್ದಾರೆ. ಆದುದರಿಂದ ಹಳೆಯ ವ್ಯಾನನ್ನು ಕೊಳ್ಳುವವರು ಹಾಸನ್ನೆತ್ತಿ, ತಳಕ್ಕೆ ಇಳಿದು, ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹ ಕಣಕಣಿಸುವುದು. ತುಕ್ಕು ಹಿಡಿದದ್ದು ಬೊದ್ದೆನ್ನುವುದು.

2024ರಲ್ಲಿ ನಮ್ಮ ಬಂಡಿಗೆ ಇಪ್ಪತ್ತು ತುಂಬಿತು. ಖಾಸಗಿ ವಾಹನದ ನೋಂದಣಿಯನ್ನು ಹದಿನೈದು ವರ್ಷಗಳ ಬಳಿಕ ಐದೈದು ವರ್ಷಕ್ಕೊಮ್ಮೆ, ಬಂಡಿಯನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕಷ್ಟೆ. 2022ರ ಏಪ್ರಿಲಿನಲ್ಲಿ ಲಘು ವಾಹನಗಳಿಗೆ ಇದರ ಶುಲ್ಕವು 600 ರೂಪಾಯಿಯಿಂದ 5,000ಕ್ಕೆ ಏರಿತ್ತು; 2025ರಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ 10,000 ಆಯಿತು. ಅಣ್ಣನವರು ಮಾರಿಬಿಡೋಣವೆಂದರು. ಗುಜರಿಯವನು 60,000ಕ್ಕಿಂತ ಮೇಲೆ ಏರಲಿಲ್ಲ. ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ; ಬೇಕಾದಾಗ ಬಾಡಿಗೆಗೆ ಹಿಡಿಯೋಣವೆಂದರೆ, ವಾರಕ್ಕೆರಡು ಬಾರಿ ಆಸ್ಪತ್ರೆಗೆ ಹೋಗಬೇಕಾದ ನಮ್ಮ ತಾಯಿಯವರಿಗೆ ಚಕ್ರದ ಕುರ್ಚಿಯ ಸಮೇತ ಹತ್ತಲು ಒಗ್ಗಿದ್ದುದು ಈ ವ್ಯಾನೊಂದೇ. ಟಿಂಕರನು ತಳವನ್ನೆಲ್ಲ ತಟ್ಟಿ ನೋಡಿ, ಮುಖ್ಯ ತೊಲೆಗಳು ಗಟ್ಟಿಯಾಗಿವೆ, ನೆಲದ ತಗಡು ಮಾತ್ರ ಹೋಗಿದೆಯೆಂದನು. 26,000 ಕೊಟ್ಟು ತಗಡು ಬೆಸೆಯಿಸಿ, ಬಾಗಿಲಿನ ಉರುಳೆಗಳನ್ನು ಬದಲಿಸಿ, ನವೀಕರಣ ಮಾಡಿಸಿದೆವು. ಅಂದಿನಿಂದ ಅಣ್ಣನ ಮಗನು ಪ್ರತಿ ತಿಂಗಳ ಮೊದಲ ಭಾನುವಾರ ನೀರು, ಎಣ್ಣೆ, ರಬ್ಬರ್ ಕೊಳವೆಗಳನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಮುಂದಿನ ಗಡುವು 2029ಕ್ಕೆ. ಆಗ ಮೊದಲು ಸುತ್ತಿಗೆ ಹಿಡಿದು ಬಂಡಿಯ ತಳಕ್ಕಿಳಿಯುವುದು, ಚರ್ಚೆಗೆ ಕೂರುವುದು ಆಮೇಲೆ ಎಂದು ಮನೆಯಲ್ಲಿ ನಿಶ್ಚಯವಾಗಿದೆ.