ತೆರೆದಿಟ್ಟ ಟ್ಯಾಬ್ ಯಾರದು?

ಬೆಂಗಳೂರಿನ ಕೆ.ಆರ್. ಪುರದ ಆರ್‌ಟಿಒ ಸುತ್ತಮುತ್ತಲಿರಲಿ, ಹಲಸೂರು, ಶಿವಾಜಿನಗರದ ಒಳರಸ್ತೆಗಳಿರಲಿ, ಎಷ್ಟೋ ಕಡೆ ಜೆರಾಕ್ಸ್ ಅಂಗಡಿಯೇ ಸೈಬರ್ ಸೆಂಟರ್ ಕೂಡ. ಕಲಿಕಾ ಚಾಲನಾ ಪರವಾನಗಿಗೆ (ಎಲ್‌ಎಲ್‌ಆರ್) ಸಾರಥಿ ತಾಣ, ಆಸ್ತಿಯ ಋಣಭಾರ ಪತ್ರಕ್ಕೆ (ಇಸಿ) ಕಾವೇರಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಮಿಕ್ಕ ಸೇವೆಗಳಿಗೆ ಸೇವಾ ಸಿಂಧು. 2024ರಲ್ಲಿ ನಗರದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಅದೂ ಸೇರಿತು. ಇವೆಲ್ಲ ಒಂದೇ ಕಂಪ್ಯೂಟರಿನಲ್ಲಿ ಸಾಲಾಗಿ ತೆರೆದುಕೊಳ್ಳುತ್ತವೆ. ಟ್ಯಾಬ್‌ಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಕೆಲಸ ಬೇಗ ಸಾಗುತ್ತದೆ ಎಂಬುದು ನಿಜ. ಆದರೆ ಇಂಥ ಅಂಗಡಿಯಲ್ಲಿ ವೇಗ ಎರಡನೆಯ ಮಾತು. ಅಲ್ಲಿನ ಟ್ಯಾಬಿನಲ್ಲಿ ಯಾರದೋ ಆಧಾರ್ ಸಂಖ್ಯೆ, ಯಾರದೋ ಮನೆಪತ್ರ ಇರುತ್ತದೆ.

ತನ್ನ ಮುಂದೆ ಕೂತವರು ಒಬ್ಬರೇ ಎಂದುಕೊಂಡೇ ಬ್ರೌಸರ್ ಕೆಲಸ ಮಾಡುತ್ತದೆ. ಒಂದು ಟ್ಯಾಬಿನಲ್ಲಿ ಲಾಗಿನ್ ಆದರೆ ಆ ಗುರುತು ಕುಕಿಯಾಗಿ ಉಳಿದು, ಅದೇ ತಾಣದ ಪಕ್ಕದ ಟ್ಯಾಬಿಗೂ ಅನ್ವಯವಾಗುತ್ತದೆ. ಮೊದಲ ಗಿರಾಕಿಯ ಅರ್ಜಿ ಅರ್ಧದಲ್ಲಿರುವಾಗ ಎರಡನೆಯವರಿಗೆಂದು ಹೊಸ ಟ್ಯಾಬ್ ತೆರೆದರೆ ಮೊದಲಿನವರ ಖಾತೆಯೇ ಕಣ್ಣಿಗೆ ಬೀಳಬಹುದು. ಅಲ್ಲಿ ಎರಡನೆಯವರು ಲಾಗಿನ್ ಆದರೆ ಹಿಂದಿನ ಅರ್ಜಿ ಕೆಡಬಹುದು. ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಲಾಗ್‌ಔಟ್ ಆದಂತೆಯೂ ಅಲ್ಲ. ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿದರೆ ಮುಚ್ಚಿದ ಟ್ಯಾಬ್ ಮರಳಿ ಬರುತ್ತದೆ. ಮನೆಯಲ್ಲಿ ಇದರಷ್ಟು ಉಪಕಾರಿಯಾದ ಶಾರ್ಟ್‌ಕಟ್ ಇಲ್ಲ, ಏಕೆಂದರೆ ಮುಚ್ಚಿದರೆ ಕಳೆದುಹೋದೀತು ಎಂಬ ಭಯವನ್ನೇ ಅದು ನೀಗುತ್ತದೆ. ಹತ್ತು ಜನರ ಕೈ ತಾಗುವ ಕಂಪ್ಯೂಟರಿನಲ್ಲಿ ಅದೇ ಅಪಾಯ. ಅದಕ್ಕೇ ಅಲ್ಲಿ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ, ಮುಚ್ಚಿದ ಮೇಲೆ ಲಾಗಿನ್ ಗುರುತು ಉಳಿಸದ ಇನ್‌ಕಾಗ್ನಿಟೊ ಕಿಟಕಿ ತೆರೆದು ಕೆಲಸ ಶುರುಮಾಡುವುದು ಸರಿ. ಒಬ್ಬರ ಕೆಲಸ ಮುಗಿದೊಡನೆ ಅಂಥ ಕಿಟಕಿಗಳನ್ನೆಲ್ಲ ಮುಚ್ಚಬೇಕು. ಒಂದು ಉಳಿದರೂ ಲಾಗಿನ್ ಗುರುತು ಉಳಿಯುತ್ತದೆ.

ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಅಂಗಡಿಯವರು ಕೇಳಿದರೆ ತಪ್ಪಲ್ಲ. ಇಲ್ಲೇ ಶಾರ್ಟ್‌ಕಟ್‌ಗಳು ನೆರವಿಗೆ ಬರುವುದು. ವಿಳಾಸಪಟ್ಟಿಗೆ ಹೋಗಲು ಕಂಟ್ರೋಲ್ ಎಲ್, ಮುಚ್ಚಲು ಕಂಟ್ರೋಲ್ ಡಬ್ಲ್ಯೂ, ಮುಂದಿನ ಟ್ಯಾಬಿಗೆ ಕಂಟ್ರೋಲ್ ಟ್ಯಾಬ್: ಇಷ್ಟು ಕೈಗೆ ಬಂದರೆ ಮೌಸ್ ಹುಡುಕುವ ಹೊತ್ತಿನಲ್ಲಿ ಶಿಸ್ತಿನ ಕೆಲಸವೇ ಮುಗಿದಿರುತ್ತದೆ. ದಿನವೂ ಬೇಕಾಗುವ ತಾಣಗಳು ಬುಕ್‌ಮಾರ್ಕ್ ಪಟ್ಟಿಯಲ್ಲಿದ್ದರೆ ಅವನ್ನು ತೆರೆದಿಡುವ ಅಗತ್ಯವೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಬಾಕಿ ಉಳಿದ ಅರ್ಜಿ ನೆನಪಿರಲೆಂದೇ ಟ್ಯಾಬ್ ತೆರೆದಿಟ್ಟಿರುತ್ತೇವಲ್ಲ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಕಣ್ಮರೆಯಾದರೆ ಮರೆತೇವೆಂಬ ಅಳುಕಿನಿಂದ ಜನ ಟ್ಯಾಬ್‌ಗಳನ್ನು ಮುಚ್ಚುವುದಿಲ್ಲ. ಅವು ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತದೆ. ಅಳುಕು ಸಹಜವೇ, ಆದರೆ ತೆರೆದಿಟ್ಟರೆ ಅರ್ಜಿ ಉಳಿಯುತ್ತದೆಂಬ ಭರವಸೆ ಸರ್ಕಾರಿ ತಾಣಗಳಲ್ಲಿ ಹುಸಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಸೆಷನ್ ಮುಗಿದು ತುಂಬಿದ್ದೆಲ್ಲ ಹೋಗಬಹುದು. ಡ್ರಾಫ್ಟ್ ಉಳಿಸಿ, ಅರ್ಜಿ ಸಂಖ್ಯೆಯನ್ನು ಗಿರಾಕಿಯ ಚೀಟಿಯ ಮೇಲೆ ಬರೆದುಕೊಟ್ಟರೆ ಕೆಲಸ ನಿಜಕ್ಕೂ ಉಳಿಯುತ್ತದೆ. ಗಿರಾಕಿಯೂ ಹೊರಡುವ ಮುನ್ನ ಲಾಗ್‌ಔಟ್ ಆಗಿದೆಯೇ ಎಂದು ಕೇಳಬೇಕು. ಇನ್‌ಕಾಗ್ನಿಟೊದಲ್ಲಿ ಇಳಿಸಿಕೊಂಡ ಕಡತ ಕೂಡ ಕಂಪ್ಯೂಟರಿನಲ್ಲೇ ಉಳಿಯುವುದರಿಂದ, ಆ ಕಿಟಕಿ ಮುಚ್ಚುವ ಮೊದಲೇ ಕಂಟ್ರೋಲ್ ಜೆ ಒತ್ತಿಸಿ, ಆ ಪಟ್ಟಿಯಲ್ಲಿರುವ ತನ್ನ ಪಿಡಿಎಫ್ ಎಲ್ಲಿದೆ ಎಂದು ನೋಡಿ, ಅದನ್ನು ಫೋಲ್ಡರಿನಿಂದಲೇ ಅಳಿಸಿ ಎನ್ನಬೇಕು.